ಚಡಾವಿನ ಮನೆಗೆ ಯಾವ ಆಟೊಮ್ಯಾಟಿಕ್ ಕಾರು? ಟಾರ್ಕ್ ಕನ್ವರ್ಟರ್, ಎಎಂಟಿ, ಸಿವಿಟಿ, ಡಿಸಿಟಿ ಹೋಲಿಕೆ

ಕಾಸರಗೋಡು ಜಿಲ್ಲೆಯ ಪೆರ್ಲ, ಬಾಯಾರು, ಮುಳ್ಳೇರಿಯ, ಆದೂರು ಕಡೆಯ ತೋಟದ ಮನೆಗಳಿಗೆ ಕಾರು ಕೊಳ್ಳುವವರು ಶೋರೂಮಿನಲ್ಲಿ ಮೊದಲು ವಿಚಾರಿಸುವುದು ಮೈಲೇಜ್. ಆಟೊಮ್ಯಾಟಿಕ್ ಕೊಳ್ಳುವುದಾದರೆ ಅದಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಬೇರೆಯೇ ಇದೆ. ಕಾರು ನಿಂತಲ್ಲಿಂದ ಹೊರಡುವಾಗ ಇಂಜಿನಿಗೂ ಚಕ್ರಕ್ಕೂ ನಡುವಿನ ಜಾರಾಟ ಯಾವ ಭಾಗದಲ್ಲಿ ನಡೆಯುತ್ತದೆ?

ಇಂಜಿನ್ ಸುಮಾರು 700 ಆರ್‌ಪಿಎಂಗಿಂತ ಕೆಳಗೆ ಓಡಲಾರದು, ಚಕ್ರವೋ ಸೊನ್ನೆಯಿಂದ ಶುರುವಾಗಬೇಕು. ನಡುವಿನ ಈ ಅಂತರವನ್ನು ಎಲ್ಲಾದರೂ ಒಂದು ಕಡೆ ಜಾರಿಸಿಯೇ ತುಂಬಬೇಕು. ಟಾರ್ಕ್ ಕನ್ವರ್ಟರ್ (ಇಂಜಿನಿಗೂ ಗೇರ್‌ಬಾಕ್ಸಿಗೂ ನಡುವಿನ ಎಣ್ಣೆಯ ಜೋಡಣೆ) ಇರುವ ಗಾಡಿಯಲ್ಲಿ ಆ ಜಾರಾಟ ಎಣ್ಣೆಯಲ್ಲಿ ನಡೆಯುತ್ತದೆ. ಎಎಂಟಿಯಲ್ಲೂ (ಮ್ಯಾನ್ಯುವಲ್ ಗೇರನ್ನು ಯಂತ್ರವೇ ಬದಲಿಸುವುದು) ಒಣ ಕ್ಲಚ್ಚಿನ ಡಿಸಿಟಿಯಲ್ಲೂ (ಎರಡು ಕ್ಲಚ್ಚಿನದು) ಅದು ಕ್ಲಚ್ ಪ್ಲೇಟಿನ ಮೇಲೆ ನಡೆಯುತ್ತದೆ. ಸಪಾಟು ಮಾರ್ಗದಲ್ಲಿ ಹೊರಡುವುದಕ್ಕೆ ಒಂದೆರಡು ಸೆಕೆಂಡ್ ಸಾಕು, ಹಾಗಾಗಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಡಾಮರು ಮಾರ್ಗದಿಂದ ಇಳಿದು, ಮುರಕಲ್ಲು ಕಡಿದು ಮಾಡಿದ ದಾರಿಯಲ್ಲಿ ಅಂಗಳ ಸೇರಿ, ಮರುದಿನ ಬೆಳಿಗ್ಗೆ ಅದೇ ಚಡಾವನ್ನು ತಣ್ಣಗಿನ ಇಂಜಿನಿನಲ್ಲಿ ಹತ್ತುವವರಿಗೆ ವ್ಯತ್ಯಾಸ ದಿನವೂ ಕಾಣುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಐದು ಮೀಟರಿಗೆ ಒಂದು ಮೀಟರ್ ಏರುವ ಚಡಾವು ಅಂದರೆ ಶೇ. 20ರ ಏರು. ಫೋನಿನ ಲೆವೆಲ್ ಆ್ಯಪ್ ತೆರೆದು ದಾರಿಯ ಮೇಲೆ ಒಂದು ನೇರ ಹಲಗೆಯಿಟ್ಟು ಅಳೆದರೆ ಇದು ಸುಮಾರು 11 ಡಿಗ್ರಿ ತೋರಿಸುತ್ತದೆ. ಜನ, ಸಾಮಾನು ಸೇರಿ 1,400 ಕಿಲೋ ತೂಗುವ ಕಾರನ್ನು ಇಂಥ ಕಡೆ ಹಿಂದೆ ಸರಿಯದಂತೆ ಹಿಡಿದು ನಿಧಾನಕ್ಕೆ ಮೇಲೆಳೆಯಲು ಸುಮಾರು 3,000 ನ್ಯೂಟನ್ ಬಲ ಬೇಕು. ಚಿಕ್ಕ ಕಾರಿನ ಫಸ್ಟ್ ಗೇರಿನ ಒಟ್ಟು ಅನುಪಾತ 15ರ ಆಸುಪಾಸು ಇರುವುದರಿಂದ, ಇಂಜಿನಿನ ಕಡೆಯಿಂದ 60 ನ್ಯೂಟನ್ ಮೀಟರ್ ಬಂದರೆ ಸಾಕು. ಯಾವ ಇಂಜಿನಿಗೂ ಇದು ಭಾರವಲ್ಲ. ತೊಂದರೆ ಇರುವುದು ಜಾರುವ ಭಾಗಕ್ಕೆ. ಇಂಜಿನ್ 1,500 ಆರ್‌ಪಿಎಂನಲ್ಲಿದ್ದು ಕಾರು ಇನ್ನೂ ನಿಂತೇ ಇದ್ದರೆ, ಆ 60 ನ್ಯೂಟನ್ ಮೀಟರಿನ ಪೂರ್ತಿ ಶಕ್ತಿ ಶಾಖವಾಗುತ್ತದೆ: ಸುಮಾರು 9 ಕಿಲೋವ್ಯಾಟ್. ಒಂದೊಂದು ಕಿಲೋವ್ಯಾಟಿನ ಒಂಬತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಕ್ಲಚ್ ಪ್ಲೇಟಿನ ಮೇಲೆ ಇಟ್ಟ ಹಾಗೆ. ಕನ್ವರ್ಟರಿನಲ್ಲೂ ಶಾಖ ಕಡಿಮೆಯೇನಲ್ಲ, ಆದರೆ ಅದು ಆರೇಳು ಲೀಟರ್ ಎಣ್ಣೆಗೆ ಹರಡಿ ಕೂಲರಿಗೆ ಹೋಗಿ ಆರುತ್ತದೆ. ಎಣ್ಣೆ ಬಿಸಿಯಾದರೆ ತಣಿಯಬಹುದು. ಕ್ಲಚ್ಚಿನ ಲೈನಿಂಗ್ ಸವೆದರೆ ಮತ್ತೆ ಬೆಳೆಯುವುದಿಲ್ಲ.

ಕನ್ವರ್ಟರಿನ ಒಳಗೆ

ಹೊರಗಿನಿಂದ ನೋಡಿದರೆ ಇದು ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ದುಂಡನೆಯ ಡಬ್ಬ. ಇಂಜಿನಿನ ಫ್ಲೆಕ್ಸ್ ಪ್ಲೇಟಿಗೆ ಬೋಲ್ಟ್ ಮಾಡಿರುವುದರಿಂದ ಇಂಜಿನ್ ತಿರುಗಿದಷ್ಟು ಇದೂ ತಿರುಗುತ್ತದೆ. ಒಳಗೆ ಮುಖ್ಯವಾಗಿ ಮೂರು ಚಕ್ರಗಳು. ಡಬ್ಬದ ಗೋಡೆಗೇ ಅಂಟಿಕೊಂಡ ಎಲೆಗಳಿರುವುದು ಇಂಪೆಲ್ಲರ್. ಅದು ತಿರುಗಿದಾಗ ಎಣ್ಣೆ ಹೊರ ಅಂಚಿಗೆ ಚಿಮ್ಮಿ ಎದುರಿನ ಟರ್ಬೈನಿನ ಎಲೆಗಳಿಗೆ ಬಡಿಯುತ್ತದೆ. ಟರ್ಬೈನ್ ಕೂತಿರುವುದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೇಲೆ. ಎರಡಕ್ಕೂ ನಡುವೆ ಲೋಹದ ಸಂಪರ್ಕವಿಲ್ಲ. ಅದಕ್ಕೇ ಡಿಯಲ್ಲಿ (ಡ್ರೈವ್) ಬ್ರೇಕ್ ಒತ್ತಿ ನಿಂತರೂ ಇಂಜಿನ್ ಆರುವುದಿಲ್ಲ, ಬ್ರೇಕ್ ಬಿಟ್ಟರೆ ಕಾರು ತಾನಾಗಿ ಮೆಲ್ಲಗೆ ಸರಿಯುತ್ತದೆ.

ಮೂರನೆಯದಾದ ಸ್ಟೇಟರ್ ಇಲ್ಲದಿದ್ದರೆ ಇದು ಬರೀ ಎಣ್ಣೆಯ ಕ್ಲಚ್ ಆಗಿ ಉಳಿಯುತ್ತಿತ್ತು. ಕಾರು ನಿಂತಿದ್ದಾಗ ಟರ್ಬೈನಿನಿಂದ ವಾಪಸು ಬರುವ ಎಣ್ಣೆಯ ಹರಿವು ಇಂಜಿನ್ ತಿರುಗುವ ದಿಕ್ಕಿಗೆ ವಿರುದ್ಧವಾಗಿರುತ್ತದೆ. ಹಾಗೆಯೇ ಬಿಟ್ಟರೆ ಅದು ಇಂಪೆಲ್ಲರಿಗೆ ಎದುರು ಬಡಿದು ಇಂಜಿನನ್ನೇ ತಡೆಯುತ್ತದೆ. ನಡುವೆ ಕೂತ ಸ್ಟೇಟರ್, ತನ್ನ ಒನ್‌ವೇ ಕ್ಲಚ್ಚಿನ (ಒಂದೇ ದಿಕ್ಕಿಗೆ ತಿರುಗಲು ಬಿಡುವಂಥದ್ದು) ಮೇಲೆ ಗಟ್ಟಿಯಾಗಿ ನಿಂತು, ಆ ಹರಿವನ್ನು ತಿರುವಿ ಇಂಪೆಲ್ಲರ್ ತಿರುಗುವ ದಿಕ್ಕಿಗೇ ಕೊಡುತ್ತದೆ. ಎಣ್ಣೆಯಲ್ಲಿ ಉಳಿದಿದ್ದ ಶಕ್ತಿ ಹೀಗೆ ಮತ್ತೆ ಕೆಲಸಕ್ಕೆ ಬರುವುದರಿಂದ ಟರ್ಬೈನಿಗೆ ಸಿಗುವ ಟಾರ್ಕ್ ಇಂಜಿನ್ ಕೊಟ್ಟದ್ದಕ್ಕಿಂತ ಹೆಚ್ಚು: ಕಾರು ನಿಂತಲ್ಲಿ ಸಾಮಾನ್ಯವಾಗಿ 1.8ರಿಂದ 2.5 ಪಟ್ಟು. ಇಂಜಿನ್ 100 ನ್ಯೂಟನ್ ಮೀಟರ್ ಕೊಟ್ಟಾಗ ಗೇರ್‌ಬಾಕ್ಸಿಗೆ 190 ಸಿಕ್ಕಿತೆಂದರೆ ಅದು ಈ ಸ್ಟೇಟರಿನ ಕೊಡುಗೆ. ಎಎಂಟಿಯಲ್ಲಿ ಅದೇ 100 ಕೊಟ್ಟರೆ 100 ಮಾತ್ರ. ಮನೆಯ ಚಡಾವಿನಲ್ಲಿ ಕನ್ವರ್ಟರ್ ಗಾಡಿ ಆಕ್ಸಿಲರೇಟರ್ ಹೆಚ್ಚು ಒತ್ತದೆಯೇ ಏರುವುದು ಇದರಿಂದ.

ಈ ಲಾಭ ನಿಲ್ಲುವುದು ಟರ್ಬೈನಿನ ವೇಗ ಇಂಪೆಲ್ಲರಿನ ವೇಗದ ಶೇ. 85-90ಕ್ಕೆ ಮುಟ್ಟಿದಾಗ. ಆಗ ಎಣ್ಣೆ ಸ್ಟೇಟರಿನ ಬೆನ್ನಿಗೆ ಬಡಿದು ಅದೂ ಜೊತೆಯಲ್ಲಿ ತಿರುಗತೊಡಗುತ್ತದೆ. ಅಲ್ಲಿಂದಾಚೆಗೆ ಏನು ಜಾರಿದರೂ ಬರೀ ಪೆಟ್ರೋಲ್ ನಷ್ಟ. ಅದನ್ನು ತಪ್ಪಿಸಲು ಲಾಕ್‌ಅಪ್ ಕ್ಲಚ್ ಟರ್ಬೈನನ್ನು ಡಬ್ಬಕ್ಕೇ ಬಿಗಿದುಬಿಡುತ್ತದೆ, ಗಾಡಿ ಆಗ ಮ್ಯಾನ್ಯುವಲಿನಂತೆಯೇ ನೇರ ಎಳೆಯುತ್ತದೆ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಈ ತತ್ವಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. 1948ರಲ್ಲಿ ಅಮೆರಿಕದ ಬ್ಯೂಕ್ ಕಾರುಗಳಿಗೆ ಬಂದ ಮೇಲೆ ಇದು ಮನೆ ಬಳಕೆಯ ಗಾಡಿಗೆ ಸೇರಿತು. ಹಳೆಯ ಕನ್ವರ್ಟರುಗಳು ಪೆಟ್ರೋಲ್ ಕುಡಿಯುತ್ತಿದ್ದವು ಎಂಬ ಮಾತು ನಿಜ. ಲಾಕ್‌ಅಪ್ ಬೇಗ ಹಿಡಿಯುವ ಆರು ಗೇರಿನ ಈಗಿನ ಪೆಟ್ಟಿಗೆಗಳಿಗೆ ಆ ಹಳೆಯ ದೂರನ್ನೇ ಹೇಳುವುದು ಸರಿಯಲ್ಲ. ಸೆಕೆಂಡ್ ಹ್ಯಾಂಡ್ ಬ್ರೆಝಾ, ಎರ್ಟಿಗಾ ನೋಡುವವರು ಮಾತ್ರ ಒಂದು ವಿಷಯ ಗಮನಿಸಬೇಕು: 2022ಕ್ಕೆ ಮೊದಲಿನ ಆಟೊಮ್ಯಾಟಿಕ್‌ಗಳಲ್ಲಿ ನಾಲ್ಕೇ ಗೇರ್, ಆ ವರ್ಷದಿಂದ ಆರು.

ಬ್ಯಾಡ್ಜ್ ನೋಡಿ ನಂಬಬೇಡಿ

ಹಿಂಬದಿಯಲ್ಲಿ ಆಟೊಮ್ಯಾಟಿಕ್ ಎಂದಿದ್ದರೆ ಒಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ಕ್ರೆಟಾವನ್ನೇ ನೋಡಿ: 1.5 ಲೀಟರ್ ಸಾದಾ ಪೆಟ್ರೋಲಿಗೆ ಐವಿಟಿ ಎಂದು ಕರೆಯುವ ಸಿವಿಟಿ, ಟರ್ಬೊ ಪೆಟ್ರೋಲಿಗೆ ಡಿಸಿಟಿ, ಡೀಸೆಲಿಗೆ ಟಾರ್ಕ್ ಕನ್ವರ್ಟರ್. ಫ್ರಾಂಕ್ಸ್‌ನಲ್ಲಿ 1.2 ಲೀಟರಿಗೆ ಎಎಂಟಿ, 1.0 ಟರ್ಬೊಗೆ ಆರು ಗೇರಿನ ಟಾರ್ಕ್ ಕನ್ವರ್ಟರ್. ನೆಕ್ಸಾನ್ ಪೆಟ್ರೋಲಿನಲ್ಲಿ ಎಎಂಟಿಯೂ ಇದೆ, ಡಿಸಿಎ ಎಂಬ ಹೆಸರಿನ ಡಿಸಿಟಿಯೂ ಇದೆ. ಕಂಪೆನಿಗಳು ವರ್ಷ ವರ್ಷ ಜೋಡಣೆ ಬದಲಿಸುತ್ತವೆ, ಆದ್ದರಿಂದ ನೀವು ಬುಕ್ ಮಾಡುವ ವೇರಿಯಂಟಿನ ಸ್ಪೆಸಿಫಿಕೇಶನ್ ಹಾಳೆಯಲ್ಲೇ ಖಚಿತ ಮಾಡಿಕೊಳ್ಳಿ. ಮಾರಾಟದವರ ಬಾಯಿಮಾತು ಸಾಲದು.

ಎಎಂಟಿ ಅಂದರೆ ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ಕ್ಲಚ್ ಒತ್ತುವುದು ಮತ್ತು ಗೇರ್ ಹಾಕುವುದು ಮಾತ್ರ ನಮ್ಮ ಬದಲು ಆಕ್ಚುವೇಟರ್ ಎಂಬ ಯಂತ್ರ. ಇಲ್ಲಿ 2014ರ ಸೆಲೆರಿಯೊದಿಂದ ಶುರುವಾಗಿ ಈಗ ಚಿಕ್ಕ ಕಾರುಗಳಲ್ಲೆಲ್ಲ ಹರಡಿದೆ. ಬೆಲೆ ಕಡಿಮೆ, ಮೈಲೇಜ್ ಮ್ಯಾನ್ಯುವಲಿನಷ್ಟೇ, ಹತ್ತಿರದ ಗ್ಯಾರೇಜಿನವರಿಗೂ ಕ್ಲಚ್ ಬದಲಿಸುವ ಕೆಲಸ ಗೊತ್ತು (ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಕ್ಲಚ್ಚಿನ ಕಚ್ಚುವ ಜಾಗವನ್ನು ಮತ್ತೆ ಕಲಿಸಬೇಕು, ಕಲಿಸದಿದ್ದರೆ ಹೊಸ ಪ್ಲೇಟಿನಲ್ಲೂ ಗಾಡಿ ಜರ್ಕ್ ಹೊಡೆಯುತ್ತದೆ). ಕುಂಬಳೆ, ಉಪ್ಪಳ, ಮಂಜೇಶ್ವರದ ಕರಾವಳಿ ಪಟ್ಟಿಯಲ್ಲಿ ಮನೆಯಿದ್ದು, ಮಂಗಳೂರಿಗೆ ಹೋಗಿ ಬರುವುದೇ ಮುಖ್ಯ ಓಡಾಟವಾದರೆ ಎಎಂಟಿ ಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಅದರ ಸೋಲು ಇರುವುದು ಚಡಾವಿನಲ್ಲಿ, ಅದರಲ್ಲೂ ರಿವರ್ಸಿನಲ್ಲಿ. ಅಂಗಳದಲ್ಲಿ ತಿರುಗಿಸಲು ಜಾಗವಿಲ್ಲದೆ ಮೇಲಿನ ಮಾರ್ಗದವರೆಗೆ ಹಿಂದಕ್ಕೇ ಹತ್ತಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗೆ ಹತ್ತಿಸುವಾಗ ಚಾಲಕ ಕನ್ನಡಿ ನೋಡುತ್ತ ಇಂಚಿಂಚು ಸರಿಸುತ್ತಾನೆ, ಕ್ಲಚ್ ಪೂರ್ತಿ ಕೂರುವುದೇ ಇಲ್ಲ, ದಾರಿಯುದ್ದಕ್ಕೂ ಹಾಫ್ ಕ್ಲಚ್. ಮೇಲೆ ಹೇಳಿದ 9 ಕಿಲೋವ್ಯಾಟ್ ಶಾಖ ಇಲ್ಲಿ ಸೆಕೆಂಡುಗಳಲ್ಲಿ ಮುಗಿಯದೆ ನಿಮಿಷದವರೆಗೆ ಎಳೆಯುತ್ತದೆ. ಸುಟ್ಟ ವಾಸನೆ ಬಂದರೆ ಕೂಡಲೇ ಸಮತಟ್ಟಾದ ಕಡೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಆರಲು ಬಿಡಬೇಕು. ಚಡಾವಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ನಿಂತಲ್ಲೇ ಹಿಡಿಯುವ ಅಭ್ಯಾಸ ಎಎಂಟಿಗೂ ಡಿಸಿಟಿಗೂ ವಿಷ. ನಿಲ್ಲಬೇಕಾದರೆ ಬ್ರೇಕ್, ಹೊರಡುವಾಗ ಒಮ್ಮೆಲೇ ಹೊರಡಬೇಕು. ಬ್ರೇಕ್ ಬಿಟ್ಟ ಮೇಲೂ ಗಾಡಿಯನ್ನು ಹಿಡಿಯುವ ಹಿಲ್ ಹೋಲ್ಡ್ ಇದ್ದರೂ ಅದು ಹಿಡಿಯುವುದು ಎರಡು ಮೂರು ಸೆಕೆಂಡ್ ಮಾತ್ರ.

ಡಿಸಿಟಿಯಲ್ಲಿ ಎರಡು ಕ್ಲಚ್. ಒಂದು ಗೇರ್ ಎಳೆಯುತ್ತಿರುವಾಗಲೇ ಮುಂದಿನದು ತಯಾರಾಗಿರುತ್ತದೆ, ಹಾಗಾಗಿ ಹೆದ್ದಾರಿಯಲ್ಲಿ ಇದರಷ್ಟು ಚುರುಕು ಬೇರೆ ಯಾವುದೂ ಇಲ್ಲ. ಕೇಳಬೇಕಾದದ್ದು ಕ್ಲಚ್ ಒಣದೋ ಎಣ್ಣೆಯಲ್ಲಿ ಮುಳುಗಿದ್ದೋ ಎಂದು. ಕುಶಾಕ್, ಟೈಗುನ್‌ಗಳ 1.5 ಟರ್ಬೊಗೆ ಬರುವ ಏಳು ಗೇರಿನದು ಒಣ ಕ್ಲಚ್, ಟಾಟಾದ ಡಿಸಿಎ ಎಣ್ಣೆಯ ಕ್ಲಚ್. ಎಣ್ಣೆಯದು ಶಾಖ ಹೆಚ್ಚು ತಡೆಯುತ್ತದೆ. ತಲಪಾಡಿ ಟೋಲಿನ ಸಾಲಿನಲ್ಲಿ ಒಣ ಡಿಸಿಟಿಯನ್ನು ಅರ್ಧರ್ಧ ಮೀಟರ್ ಸರಿಸುವುದಕ್ಕಿಂತ, ಮುಂದೆ ಒಂದೆರಡು ಗಾಡಿಯ ಜಾಗ ಬಿಟ್ಟು ಒಮ್ಮೆಲೇ ಮುಂದಕ್ಕೆ ಹೋಗುವುದು ಒಳ್ಳೆಯದು.

ಸಿವಿಟಿಯ ವಿಷಯದಲ್ಲಿ ಹಲವರಿಗೆ ತಪ್ಪು ಕಲ್ಪನೆ ಇದೆ. ಹೋಂಡಾ ಸಿಟಿ, ಅಮೇಜ್, ಕ್ರೆಟಾ ಐವಿಟಿ, ಮ್ಯಾಗ್ನೈಟ್ ಸಿವಿಟಿ, ಇವುಗಳಲ್ಲೆಲ್ಲ ಮುಂದೆ ಟಾರ್ಕ್ ಕನ್ವರ್ಟರ್ ಇದೆ. ಗೇರುಗಳ ಜಾಗದಲ್ಲಿ ಮಾತ್ರ ಪುಲ್ಲಿ ಮತ್ತು ಉಕ್ಕಿನ ಬೆಲ್ಟ್ ಅಥವಾ ಚೈನ್. ಆದ್ದರಿಂದ ನಿಂತಲ್ಲಿಂದ ಏರುವುದು ಇವಕ್ಕೂ ಸಲೀಸು. ಹೆದರಬೇಕಾದದ್ದು ಚರಳು ಕಲ್ಲಿನ ದಾರಿಗೆ. ಚಕ್ರ ಸಡಿಲ ಕಲ್ಲಿನ ಮೇಲೆ ಗಿರ್ರನೆ ತಿರುಗಿ ಹಠಾತ್ತನೆ ಗಟ್ಟಿ ನೆಲ ಕಚ್ಚಿದರೆ ಆ ಪೆಟ್ಟು ಬೆಲ್ಟಿಗೆ ಹೋಗುತ್ತದೆ. ಬೆಲ್ಟ್ ಪುಲ್ಲಿಯ ಮೇಲೆ ಒಮ್ಮೆ ಜಾರಿ ಗೀರು ಬಿದ್ದರೆ ರಿಪೇರಿ ದೊಡ್ಡದು. ದಾರಿಗೆ ಕಾಂಕ್ರೀಟ್ ಆಗಿದ್ದರೆ, ಮನೆಯಲ್ಲಿ ಹಿರಿಯರಿದ್ದು ಜರ್ಕ್ ಇಲ್ಲದ ಗಾಡಿ ಬೇಕಾದರೆ, ಕನ್ವರ್ಟರ್ ಇರುವ ಸಿವಿಟಿ ಒಳ್ಳೆಯ ಆಯ್ಕೆಯೇ.

ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಕನ್ವರ್ಟರೂ ಇಲ್ಲ, ಜಾರುವ ಕ್ಲಚ್ಚೂ ಇಲ್ಲ, ವಿದ್ಯುತ್ ಮೋಟಾರೇ ಸೊನ್ನೆಯಿಂದ ಎಳೆಯುತ್ತದೆ. ಟೊಯೊಟಾ ಮಾದರಿಯವುಗಳಲ್ಲಿ ರಿವರ್ಸಿಗೆ ಎಳೆತ ಮೋಟಾರಿನದ್ದು ಮಾತ್ರ. ಹಿಂದಕ್ಕೆ ಹತ್ತಿಸುವ ಮನೆಯವರು ಬುಕ್ ಮಾಡುವ ಮೊದಲು ತಮ್ಮ ಚಡಾವಿನಲ್ಲೇ ಪರೀಕ್ಷಿಸಬೇಕು.

ನಮ್ಮ ಆಯ್ಕೆ ಹೇಳಬೇಕಾದರೆ: ಮನೆದಾರಿ 8 ಡಿಗ್ರಿಗಿಂತ ಕಡಿದಾಗಿದ್ದರೆ, ಅಥವಾ ರಿವರ್ಸಿನಲ್ಲೇ ಹತ್ತಬೇಕಾದರೆ, ಟಾರ್ಕ್ ಕನ್ವರ್ಟರ್ ಬಿಟ್ಟು ಬೇರೆ ನೋಡಬೇಡಿ. ಒಂದು ಮೇಲ್ದರ್ಜೆಯ ವೇರಿಯಂಟ್ ಬಿಟ್ಟು, ಸನ್‌ರೂಫ್ ಬಿಟ್ಟು, ಆ ಹಣವನ್ನು ಗೇರ್‌ಬಾಕ್ಸಿಗೆ ಹಾಕಿ.

ಟೆಸ್ಟ್ ಡ್ರೈವ್ ನಿಮ್ಮ ಚಡಾವಿನಲ್ಲೇ ಆಗಲಿ

ಶೋರೂಮಿನವರು ಸಪಾಟು ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆಸಿ ಕಳಿಸಲು ನೋಡುತ್ತಾರೆ. ಗಾಡಿಯನ್ನು ಮನೆಗೇ ತರಿಸಿ. ನಾಲ್ಕು ಜನ ಕೂತು, ಏಸಿ ಹಾಕಿ, ಚಡಾವಿನ ನಡುವೆ ಪೂರ್ತಿ ನಿಲ್ಲಿಸಿ. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಸಾವಕಾಶವಾಗಿ ತನ್ನಿ, ಎಷ್ಟು ಹಿಂದೆ ಸರಿಯುತ್ತದೆ ನೋಡಿ. ಒಂದಡಿಗಿಂತ ಹೆಚ್ಚು ಸರಿದರೆ ಆ ಗಾಡಿ ಆ ದಾರಿಗೆ ಹೇಳಿಸಿದ್ದಲ್ಲ. ಮುಂದಕ್ಕೆ ಮೂರು ಸಲ, ರಿವರ್ಸಿನಲ್ಲಿ ಮೂರು ಸಲ ಬಿಡುವಿಲ್ಲದೆ ಮಾಡಿ. ಮೂರನೆಯ ಸಲಕ್ಕೆ ವಾಸನೆ ಬಂತೇ, ಮೀಟರಿನಲ್ಲಿ ಗೇರ್‌ಬಾಕ್ಸ್ ಬಿಸಿಯ ಎಚ್ಚರಿಕೆ ಬಂತೇ ಗಮನಿಸಿ. ಮಳೆಗಾಲದಲ್ಲಿ ಕಾಂಕ್ರೀಟಿಗೆ ಪಾಚಿ ಹಿಡಿದಿರುವಾಗ ನೋಡಲು ಸಿಕ್ಕಿದರೆ ಇನ್ನೂ ಒಳ್ಳೆಯದು. ಕನ್ವರ್ಟರ್ ಗಾಡಿಯ ಹೆಚ್ಚಿನ ಎಳೆತದಿಂದ ಪಾಚಿಯಲ್ಲಿ ಚಕ್ರ ಸುಲಭವಾಗಿ ಜಾರುತ್ತದೆ. ಮ್ಯಾನ್ಯುವಲ್ ಮೋಡಿನಲ್ಲಿ ಸೆಕೆಂಡ್ ಗೇರಿನಿಂದ ಹೊರಡಲು ಬಿಡುತ್ತದೆಯೇ ಎಂದು ಆಗಲೇ ನೋಡಿಕೊಳ್ಳಿ.

ಘಾಟಿ ಇಳಿಯುವಾಗ

ಸಂಪಾಜೆ ಘಾಟಿಯಲ್ಲೋ, ಭಾಗಮಂಡಲದಿಂದ ಪಾಣತ್ತೂರಿನ ಮಾರ್ಗದಲ್ಲೋ ಇಳಿಯುವಾಗ ಡಿಯಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗುತ್ತದೆ. ಲಾಕ್‌ಅಪ್ ಬಿಟ್ಟಿದ್ದರೆ ಕನ್ವರ್ಟರ್ ಹಿಮ್ಮುಖವಾಗಿಯೂ ಜಾರುವುದರಿಂದ ಇಂಜಿನಿನ ಹಿಡಿತ ಸಿಗುವುದಿಲ್ಲ. ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು ಪ್ಯಾಡ್ ಕಾಯುತ್ತದೆ. ಮ್ಯಾನ್ಯುವಲ್ ಮೋಡಿಗೆ ತಂದು ಸೆಕೆಂಡ್ ಅಥವಾ ಥರ್ಡ್‌ನಲ್ಲಿ ಹಿಡಿಯಿರಿ. ಸಿವಿಟಿಯಲ್ಲಿ ಎಸ್ ಅಥವಾ ಎಲ್. ಇಳಿಜಾರಿನಲ್ಲಿ ನ್ಯೂಟ್ರಲ್ ಯಾವ ಗಾಡಿಗೂ ಬೇಡ.

ಚಡಾವಿನಲ್ಲಿ ನಿಲ್ಲಿಸುವಾಗ ಕ್ರಮ ಮುಖ್ಯ. ಕಾಲಿನ ಬ್ರೇಕ್ ಒತ್ತಿ ನ್ಯೂಟ್ರಲ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ತೆಗೆದು ಗಾಡಿಯ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲು ಬಿಡಿ, ಮತ್ತೆ ಬ್ರೇಕ್ ಒತ್ತಿ ಪಿ (ಪಾರ್ಕ್) ಹಾಕಿ. ನೇರ ಪಿ ಹಾಕಿ ಕಾಲು ತೆಗೆದರೆ ಗೇರ್‌ಬಾಕ್ಸಿನೊಳಗಿನ ಬೆರಳಿನಷ್ಟು ಚಿಕ್ಕ ಕೊಂಡಿಯೊಂದೇ ಇಡೀ ಕಾರನ್ನು ಹೊರುತ್ತದೆ. ಬೆಳಿಗ್ಗೆ ಪಿಯಿಂದ ತೆಗೆಯುವಾಗ ಟಕ್ ಎಂದು ಹೊಡೆಯುವ ಶಬ್ದ ಅದರದ್ದೇ. ಹೆಚ್ಚಿನ ಎಎಂಟಿಗಳಲ್ಲಿ ಪಿ ಇರುವುದಿಲ್ಲ. ಅವನ್ನು ಗೇರಿನಲ್ಲೇ ಬಿಟ್ಟು ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಒಂದು ಕಲ್ಲು ಕೊಡಿ.

ಹಳೆಯ ಕನ್ವರ್ಟರ್ ಗಾಡಿ ಕೊಳ್ಳುವವರಿಗೆ

ತಣ್ಣಗಿನ ಗಾಡಿಯಲ್ಲಿ ನ್ಯೂಟ್ರಲಿನಿಂದ ಡಿಗೆ, ಡಿಯಿಂದ ರಿವರ್ಸಿಗೆ ಹಾಕಿ ನೋಡಿ. ಹಿಡಿಯಲು ಎರಡು ಸೆಕೆಂಡಿಗಿಂತ ಹೆಚ್ಚು ತಗಲಿದರೆ, ಅಥವಾ ಗುದ್ದಿ ಹಿಡಿದರೆ, ಎಣ್ಣೆಯ ಮಟ್ಟವೋ ಒತ್ತಡವೋ ಸರಿಯಿಲ್ಲ. ಬಿಸಿಯಾದ ಮೇಲೆ 50ರಿಂದ 80 ಕಿ.ಮೀ. ವೇಗದ ನಡುವೆ ಆಕ್ಸಿಲರೇಟರ್ ಹಗುರವಾಗಿ ಹಿಡಿದು ಓಡಿಸಿ. ರಂಬಲ್ ಸ್ಟ್ರಿಪ್ ದಾಟಿದಂತೆ ಒಂದೆರಡು ಸೆಕೆಂಡ್ ನಡುಕ ಬಂದು ನಿಂತರೆ ಅದು ಲಾಕ್‌ಅಪ್ ಕ್ಲಚ್ಚಿನ ಜಡ್ಡರ್. ಖಚಿತ ಮಾಡಿಕೊಳ್ಳಲು ಅದೇ ವೇಗದಲ್ಲಿ ಬ್ರೇಕ್ ಪೆಡಲನ್ನು ಎಡಗಾಲಿನಿಂದ ಹಗುರವಾಗಿ ಮುಟ್ಟಿ: ಲಾಕ್‌ಅಪ್ ಬಿಟ್ಟುಹೋಗಿ ನಡುಕ ಕೂಡಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಕಾರಣ ಟೈರಿನಲ್ಲೋ ಇಂಜಿನ್ ಮಿಸ್‌ಫೈರಿನಲ್ಲೋ ಇರುತ್ತದೆ. ಜಡ್ಡರ್ ಬಂತೆಂದು ಗೇರ್‌ಬಾಕ್ಸ್ ಇಳಿಸಲು ಹೊರಡಬೇಡಿ. ಎಷ್ಟೋ ಸಲ ಹಳಸಿದ ಎಣ್ಣೆಯೇ ಕಾರಣ, ಹೊಸ ಎಣ್ಣೆಗೆ ಸರಿಹೋಗುತ್ತದೆ. ಸ್ಕ್ಯಾನರಿನಲ್ಲಿ ಪಿ 0741 ಕೋಡ್ ಬಂದಿದ್ದರೆ ಲಾಕ್‌ಅಪ್ ಹಿಡಿಯುತ್ತಿಲ್ಲ ಎಂದರ್ಥ.

ವರ್ಕ್‌ಶಾಪಿನವರು ಮಾಡುವ ಸ್ಟಾಲ್ ಟೆಸ್ಟ್ ಹೀಗೆ: ಎಣ್ಣೆ ಬಿಸಿಯಿರಬೇಕು, ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕ್ ಬಲವಾಗಿ ಒತ್ತಿ, ಡಿಯಲ್ಲಿ ಪೂರ್ತಿ ಆಕ್ಸಿಲರೇಟರ್, ಐದು ಸೆಕೆಂಡಿಗಿಂತ ಹೆಚ್ಚಲ್ಲ. ಆಮೇಲೆ ನ್ಯೂಟ್ರಲಿನಲ್ಲಿ ಒಂದು ನಿಮಿಷವಾದರೂ ಐಡಲ್ ಓಡಿಸಿ ಎಣ್ಣೆ ಆರಿಸಬೇಕು. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಆರ್‌ಪಿಎಂ ತುಂಬಾ ಕಡಿಮೆ ಬಂದು ಇಂಜಿನ್ ಸರಿಯಿದ್ದರೆ, ಸ್ಟೇಟರಿನ ಒನ್‌ವೇ ಕ್ಲಚ್ ಹಿಡಿಯುತ್ತಿಲ್ಲ. ಚಡಾವಿನಲ್ಲಿ ಪಿಕಪ್ ಇಲ್ಲ ಎಂದು ಮಾಲಕರು ಹೇಳುವುದು ಇದನ್ನೇ. ಹೆಚ್ಚು ಬಂದರೆ ಗೇರ್‌ಬಾಕ್ಸಿನ ಒಳಗಿನ ಕ್ಲಚ್ಚುಗಳು ಜಾರುತ್ತಿವೆ, ಅಥವಾ ಎಣ್ಣೆ ಕಡಿಮೆಯಿದೆ. ಬ್ರೇಕ್ ಒತ್ತಿದಾಗ ಇಂಜಿನನ್ನು ತಾನೇ ತಗ್ಗಿಸುವ ಹೊಸ ಗಾಡಿಗಳಲ್ಲಿ ಈ ಪರೀಕ್ಷೆಯ ಅಂಕಿಯನ್ನು ನಂಬಲಾಗದು.

ಎಣ್ಣೆ

ಕನ್ವರ್ಟರ್ ಗಾಡಿಯ ಆಯುಷ್ಯ ಇರುವುದು ಎಟಿಎಫ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯಲ್ಲಿ. ಇದು 80-95 ಡಿಗ್ರಿಯಲ್ಲಿ ಆರಾಮವಾಗಿರುತ್ತದೆ, 120 ದಾಟಿದರೆ ಬೇಗ ಹಾಳಾಗುತ್ತದೆ. ಜೀವಮಾನಕ್ಕೆ ಬದಲಿಸಬೇಕಾಗಿಲ್ಲ ಎಂದು ಕೆಲವು ಕೈಪಿಡಿಗಳಲ್ಲಿ ಬರೆದಿರುವುದು ಹದವಾದ ಓಡಾಟಕ್ಕೆ. ದಿನವೂ ಚಡಾವು, ಘಾಟಿ ಹತ್ತುವ ಗಾಡಿಗೆ 60,000 ಕಿ.ಮೀ.ಗೆ ಬದಲಿಸಿ. ಒಮ್ಮೆ ಪ್ಲಗ್ ಬಿಚ್ಚಿದರೆ ಇಳಿಯುವುದು ಮೂರು ನಾಲ್ಕು ಲೀಟರ್ ಮಾತ್ರ, ಉಳಿದದ್ದು ಕನ್ವರ್ಟರಿನ ಒಳಗೇ ನಿಲ್ಲುತ್ತದೆ. ಹಾಗಾಗಿ ಬದಲಿಸಿ, ಸ್ವಲ್ಪ ಓಡಿಸಿ, ಮತ್ತೊಮ್ಮೆ ಬದಲಿಸಬೇಕು. ಇಳಿದಷ್ಟನ್ನೇ ಅಳೆದು ಹಾಕುವುದು ಶುರುವಿಗೆ ಸರಿ. ಕೊನೆಯ ಮಟ್ಟವನ್ನು ಮಾತ್ರ ಇಂಜಿನ್ ಓಡುತ್ತಿರುವಾಗ, ಕೈಪಿಡಿ ಹೇಳಿದ ಉಷ್ಣತೆಯಲ್ಲೇ ನೋಡಬೇಕು. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಹೆಚ್ಚಾದರೆ ನೊರೆಯಾಗುತ್ತದೆ, ಎರಡರಲ್ಲೂ ಕ್ಲಚ್ ಜಾರುತ್ತದೆ. ಟೊಯೊಟಾದ ಡಬ್ಲ್ಯೂಎಸ್, ಹ್ಯುಂಡೈಯ ಎಸ್‌ಪಿ-4, ಹೋಂಡಾ ಸಿವಿಟಿಯ ಎಚ್‌ಸಿಎಫ್-2 ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ. ಡಬ್ಬದ ಮೇಲಿನ ಹೆಸರನ್ನು ಕೈಪಿಡಿಯ ಜೊತೆ ಹಿಡಿದು ನೋಡಿಯೇ ಹಾಕಿಸಿ.

ಇಳಿದ ಎಣ್ಣೆ ತಿಳಿ ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ನೀರು ಸೇರಿದೆ: ಒಂದೋ ರೇಡಿಯೇಟರಿನ ಒಳಗಿನ ಕೂಲರ್ ತೂತಾಗಿದೆ, ಇಲ್ಲವೇ ಮಳೆಗಾಲದಲ್ಲಿ ತೋಡಿನ ನೀರಲ್ಲಿ ದಾಟಿಸುವಾಗ ಬ್ರೀದರಿನಿಂದ (ಗಾಳಿಯಾಡುವ ಕಿಂಡಿ) ಒಳಹೋಗಿದೆ. ನೀರು ಕ್ಲಚ್ ಪ್ಲೇಟಿನ ಲೈನಿಂಗ್ ಅಂಟನ್ನು ಬಿಡಿಸುತ್ತದೆ, ಆದ್ದರಿಂದ ಗಾಡಿಯನ್ನು ಆಮೇಲೆ ಓಡಿಸಬಾರದು.

ಗಲ್ಫಿನಲ್ಲಿರುವವರ ಮನೆಗಳಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತಿರುತ್ತದೆ. ಕನ್ವರ್ಟರಿನ ಎಣ್ಣೆ ಆಗ ಗೇರ್‌ಬಾಕ್ಸಿನ ಕೆಳಗಿನ ಎಣ್ಣೆ ತಟ್ಟೆಗೆ ಇಳಿದಿರುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ಡಿ ಹಾಕಿದರೆ ಗಾಡಿ ತಡವಾಗಿ ಹಿಡಿಯುತ್ತದೆ. ಒಂದು ನಿಮಿಷ ಪಿಯಲ್ಲೇ ಓಡಲು ಬಿಟ್ಟರೆ ಸಾಕು. ಎಎಂಟಿಗೆ ಬೇರೆ ತೊಂದರೆ: ಆಕ್ಚುವೇಟರ್ ನಡೆಯುವುದು ಬ್ಯಾಟರಿಯಿಂದ, ಬ್ಯಾಟರಿ ಇಳಿದರೆ ಗೇರೇ ಬೀಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಮನೆಯವರಿಗೆ ಹೇಳಿಡಿ.

ಕನ್ವರ್ಟರ್ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಹಗ್ಗ ಕಟ್ಟಿ ಜೀಪಿನಲ್ಲಿ ಎಳೆಸುವುದೂ ಬೇಡ, ಯಾಕೆಂದರೆ ಎಣ್ಣೆಯ ಪಂಪು ತಿರುಗುವುದು ಇಂಜಿನಿನಿಂದ. ಇಂಜಿನ್ ಆರಿದ್ದಾಗ ಚಕ್ರ ತಿರುಗಿದರೆ ಒಳಗಿನ ಬೇರಿಂಗುಗಳಿಗೆ ಎಣ್ಣೆ ಸಿಗದೆ ಸವೆಯುತ್ತವೆ. ಮುಂದಿನ ಚಕ್ರದಿಂದ ಎಳೆಯುವ ಗಾಡಿಯಾದರೆ ಮುಂಭಾಗ ಎತ್ತಿ ಒಯ್ಯಬೇಕು, ಫೋರ್ ವೀಲ್ ಡ್ರೈವ್ ಆದರೆ ನಾಲ್ಕೂ ಚಕ್ರ ಲಾರಿಯ ಮೇಲಿರಬೇಕು. ಇನ್ಶೂರೆನ್ಸ್ ನವೀಕರಿಸುವಾಗ ರೋಡ್‌ಸೈಡ್ ಅಸಿಸ್ಟೆನ್ಸ್‌ನವರ ಗಾಡಿ ನಿಮ್ಮ ಊರಿನವರೆಗೆ ಬರುತ್ತದೆಯೇ, ಅದು ಫ್ಲ್ಯಾಟ್‌ಬೆಡ್ ಆಗಿರುತ್ತದೆಯೇ ಎಂದು ವಿಚಾರಿಸಿಯೇ ಹಣ ಕಟ್ಟಿ.